ಕಾಗದದ ಅಸ್ಥಿಪಂಜರಕ್ಕೆ ಯಾರ ಅಳತೆ?

ಅಮೆರಿಕದ ನಡುಭಾಗದ ಒಂದು ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ ನಾನು ಕೆಲವು ವರ್ಷಗಳಿಂದ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಮೂಳೆ. ಹಾಗೆಂದ ಕೂಡಲೇ ಊರಿನ ಕಡೆಯವರು ನನ್ನನ್ನು ಮೂಳೆ ಡಾಕ್ಟರೆಂದುಕೊಂಡು ಮಂಡಿನೋವಿಗೆ ಮಾತ್ರೆ ಕೇಳುತ್ತಾರೆ. ನಿಜದಲ್ಲಿ ನಾನು ನೋಡುವುದು ಮೂಳೆಯೊಳಗೆ ಹುದುಗಿರುವ ಒಂದು ಬಗೆಯ ಜೀವಕೋಶವನ್ನು, ಅದೂ ಇಲಿಯದ್ದನ್ನು, ಅದೂ ಸೂಕ್ಷ್ಮದರ್ಶಕದ ಕೆಳಗೆ. ಮನುಷ್ಯನ ಒಂದು ಇಡೀ ತೊಡೆಮೂಳೆಯನ್ನು ಕೈಯಲ್ಲಿ ಹಿಡಿಯುವ ಪ್ರಸಂಗ ನನಗೆ ಬಂದೇ ಇರಲಿಲ್ಲ. 2024ರ ಅಕ್ಟೋಬರಿನಲ್ಲಿ ಊರಿನ ಗ್ರಂಥಾಲಯದವರು, ಹ್ಯಾಲೋವೀನಿಗೆ ಮಕ್ಕಳಿಂದ ಏನಾದರೂ ಕಾಗದದ ಕೆಲಸ ಮಾಡಿಸಿ, ಅದರಲ್ಲಿ ಸ್ವಲ್ಪ ವಿಜ್ಞಾನವೂ ಇರಲಿ ಎಂದು ನಮ್ಮ ವಿಭಾಗವನ್ನು ಕೇಳಿದರು. ಮೂಳೆಯವಳು ಎಂಬ ಕಾರಣಕ್ಕೆ ಆ ಕೆಲಸ ನನ್ನ ತಲೆಗೆ ಬಂತು. ಅದರಿಂದ ಹುಟ್ಟಿದ ಒಂದು ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಹ್ಯಾಲೋವೀನಿನ ಕಾಗದದ ಅಸ್ಥಿಪಂಜರಕ್ಕೆ ಈ ದೇಶದಲ್ಲಿ ಒಳ್ಳೆಯ ವಯಸ್ಸಾಗಿದೆ. ಪೆನ್ಸಿಲ್ವೇನಿಯಾದ ಬೀಸ್ಟ್ಲ್ ಎಂಬ ಕಂಪನಿ 1930ರ ದಶಕದಿಂದಲೇ ಕೈಕಾಲು ಅಲ್ಲಾಡುವ ರಟ್ಟಿನ ಅಸ್ಥಿಪಂಜರಗಳನ್ನು ಮಾರುತ್ತಿತ್ತು. ಇಲ್ಲಿನ ಅಜ್ಜಂದಿರಿಗೂ ಅದು ಬಾಲ್ಯದ ನೆನಪು. ಮನೆಯಲ್ಲಿ ಮಾಡುವವರು ಕಪ್ಪು ಹಾಳೆಯ ಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಗಳನ್ನು ಕತ್ತರಿಸಿ ಅಂಟಿಸುತ್ತಾರೆ. ಎರಡು ಉದ್ದ ಕಡ್ಡಿ ಕಾಲು, ನಾಲ್ಕು ಚಿಕ್ಕ ಕಡ್ಡಿ ಪಕ್ಕೆಲುಬು. ನೋಡಲು ಚೆಂದ. ಆದರೆ ಮೂಳೆ ಓದಿದವರಿಗೆ ಅದನ್ನು ಕಂಡರೆ ವ್ಯಾಕರಣದ ಮೇಷ್ಟರಿಗೆ ತಪ್ಪು ಬೋರ್ಡು ಕಂಡಂತೆ. ಪಕ್ಕೆಲುಬು ಹನ್ನೆರಡು ಜೊತೆ ಇರಬೇಕಲ್ಲ! ಮೊಣಕೈ ಕೆಳಗೆ ಎರಡು ಮೂಳೆ ಬೇಕಲ್ಲ! ದೊಡ್ಡವರ ಮೈಯಲ್ಲಿ 206 ಮೂಳೆ ಎಂಬುದು ಎಲ್ಲರಿಗೂ ಗೊತ್ತು. ಅದರಲ್ಲಿ 106 ಬರೀ ಎರಡು ಕೈ ಎರಡು ಪಾದಗಳಲ್ಲೇ ಇವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಂಗಡಿಯ ಅಸ್ಥಿಪಂಜರದಲ್ಲಿ ಈ ಅರ್ಧಕ್ಕೂ ಹೆಚ್ಚು ಭಾಗ ನಾಲ್ಕು ಬಿಳಿ ತುಂಡುಗಳಾಗಿ ಮುಗಿದುಹೋಗುತ್ತದೆ.

ನಾನು ಮಾಡಿಸಬೇಕೆಂದುಕೊಂಡದ್ದು ದಪ್ಪ ಕಾಗದದ್ದು. ತುಂಡುಗಳನ್ನು ಕತ್ತರಿಸಿ, ಕೀಲಿನ ಜಾಗದಲ್ಲಿ ತೂತು ಮಾಡಿ, ಹಿತ್ತಾಳೆಯ ಎರಡು ಕಾಲಿನ ಪಿನ್ನು ತೂರಿಸಿ ಹಿಂದೆ ಅಗಲಿಸಿ ಮಡಿಸುವುದು. ನಮ್ಮ ತೊಗಲುಗೊಂಬೆಯ ಕೈ ಅಲ್ಲಾಡುವುದೂ ಹೆಚ್ಚುಕಡಿಮೆ ಹೀಗೆಯೇ. ತೊಂದರೆ ಎಂದರೆ ಪಿನ್ನಿನ ಕೀಲು ಯಾವ ಕಡೆಗೂ ತಿರುಗುತ್ತದೆ. ಕಾಗದದ ಮಂಡಿ ಹಿಂದಕ್ಕೂ ಮಡಿಯುತ್ತದೆ, ಮುಂದಕ್ಕೂ ಮಡಿಯುತ್ತದೆ. ನಮ್ಮ ಮೊಣಕೈ ಹಿಂದಕ್ಕೆ ಮುರಿಯದಿರುವುದಕ್ಕೆ ಕಾರಣ ಅಲ್ಲಿ ನಾವು ಮೇಜಿಗೆ ಊರುವ ಆ ಗಟ್ಟಿ ಮೊನೆ. ಕೈ ನೇರವಾದ ಕೂಡಲೇ ಅದು ತೋಳಿನ ಮೂಳೆಯ ಹಿಂದಿನ ಗುಳಿಯಲ್ಲಿ ಹೋಗಿ ಕೂರುತ್ತದೆ. ಹಾಗಾಗಿ ಕಾಗದದಲ್ಲೂ ಒಂದು ಪುಟ್ಟ ತಡೆ ಅಂಟಿಸಿದೆ. ಮುಂಗೈಗೆ ಎರಡು ಪಟ್ಟಿ ಕೊಟ್ಟೆ. ಅಂಗೈ ಮೇಲೆ ಮಾಡಿದಾಗ ಎರಡು ಮೂಳೆ ಪಕ್ಕಪಕ್ಕ ಇರುತ್ತವೆ, ಅಂಗೈ ಕವುಚಿದಾಗ ಹೆಬ್ಬೆರಳ ಕಡೆಯದು ಇನ್ನೊಂದರ ಮೇಲೆ ಅಡ್ಡ ದಾಟುತ್ತದೆ. ಇದನ್ನು ಕಾಗದದಲ್ಲಿ ಮಾಡಿ ನೋಡಿದಾಗ ನನಗೇ ಆದ ಸಂತೋಷ ಹೇಳತೀರದು. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೆನೋ, ಕೈಗೆ ತಿಳಿದದ್ದು ಆಗ.

ಇನ್ನು ಅಳತೆ ಬೇಕಿತ್ತು. ಅಂತರ್ಜಾಲದ ಚಿತ್ರಗಳಿಂದ ತೆಗೆಯಬಹುದಿತ್ತು. ಆದರೆ ನಮ್ಮ ವಿಭಾಗದ ಬೀರುವಿನಲ್ಲಿ ಪಾಠಕ್ಕೆಂದು ಇಟ್ಟ ಅಸ್ಥಿಪಂಜರವೇ ಇರುವಾಗ ಚಿತ್ರ ಏಕೆ? ಅದಕ್ಕೆ ಎಲ್ಲರೂ ‘ಮಿಸ್ಟರ್ ಬೋನ್ಸ್’ ಎನ್ನುತ್ತಾರೆ. ಅಕ್ಟೋಬರ್ ಬಂದರೆ ಮಂತ್ರವಾದಿಯ ಟೋಪಿ, ಡಿಸೆಂಬರಿಗೆ ಸಾಂಟಾ ಟೋಪಿ. ನಾನು ಬಂದ ಮೊದಲ ವರ್ಷ ಅದರ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದೆ. ‘ಅಯ್ಯೋ, ಅದನ್ನೆಲ್ಲ ಯಾಕೆ ಮುಟ್ತೀಯೇ, ಮೊದಲು ಕೈ ತೊಳ್ಕೋ’ ಎಂದು ಅಮ್ಮ ಬರೆದಿದ್ದಳು. ನಾನು ನಗುವ ಮುಖ ಕಳಿಸಿದ್ದೆ. ಅದು ಪ್ಲಾಸ್ಟಿಕ್ಕಿನದು ಎಂದೇ ನಂಬಿದ್ದೆ. ಇಲ್ಲ, ಹಾಗೂ ಹೇಳುವಂತಿಲ್ಲ. ನಾನು ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಟ್ರೇಸಿಂಗ್ ಹಾಳೆ, ಟೇಪು ಹಿಡಿದು ಅದರ ಮುಂದೆ ಕೂತ ಸಂಜೆ ಎರಡೇ ನಿಮಿಷಕ್ಕೆ ಗೊತ್ತಾಯಿತು. ಪ್ಲಾಸ್ಟಿಕ್ಕಿಗೆ ಅಷ್ಟು ಸಣ್ಣ ರಂಧ್ರಗಳಿರುವುದಿಲ್ಲ. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಕಡೆ ಹೊರಪದರ ಸವೆದು ಒಳಗಿನ ಜಾಲರಿ ಕಾಣುತ್ತಿತ್ತು. ಆ ಜಾಲರಿಯ ಫೋಟೋವನ್ನೇ ನಾನು ದಿನಾ ನೋಡುವುದು, ಇಲಿಯ ಗಾತ್ರದಲ್ಲಿ. ಆಮೇಲೆ ಓದಿದ್ದೆಲ್ಲ ಒಂದೊಂದಾಗಿ ತಲೆಗೆ ಬರತೊಡಗಿತು. ಸೊಂಟದ ಮೂಳೆಯ ಮುಂದಿನ ಕೋನ ಅಗಲ: ಇದು ಹೆಣ್ಣು, ‘ಮಿಸ್ಟರ್’ ಅಲ್ಲ. ಎತ್ತರ ಐದು ಅಡಿಯ ಆಸುಪಾಸು. ಕೊರಳೆಲುಬಿನ ಎದೆಯ ಕಡೆಯ ತುದಿ ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಕೊನೆಗೆ ಬೆಸೆದುಕೊಳ್ಳುವ ಜಾಗಗಳಲ್ಲಿ ಒಂದು. ಇಪ್ಪತ್ತರ ಕೊನೆಯ ವರ್ಷಗಳವರೆಗೂ ಅಲ್ಲಿ ಗೆರೆ ಕಾಣಬಹುದು. ಇಲ್ಲಿ ಗೆರೆ ಕಾಣುತ್ತಿತ್ತು. ಅಂದರೆ ಸಾಯುವಾಗ ಈಕೆಗೆ ಹೆಚ್ಚುಕಡಿಮೆ ನನ್ನ ವಯಸ್ಸು. ಹಲ್ಲುಗಳ ಬುಡದಲ್ಲಿ ಕೆಂಪುಮಿಶ್ರಿತ ಕಂದು ಕರೆ. ಅದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮಜ್ಜಿಯ ಹಲ್ಲು ಹೀಗೇ ಇದ್ದವು, ಎಲೆ ಅಡಿಕೆ ಹಾಕಿ ಹಾಕಿ. ಎಲೆ ಅಡಿಕೆ ಜಗಿಯುವವರು ಬೇರೆ ದೇಶಗಳಲ್ಲೂ ಇದ್ದಾರೆ, ಅದೊಂದೇ ಪುರಾವೆಯಲ್ಲ ಎಂದು ನನ್ನೊಳಗಿನ ಸಂಶೋಧಕಿ ಹೇಳಿದಳು. ಸ್ಟ್ಯಾಂಡಿನ ಅಡಿಭಾಗವನ್ನು ಬಗ್ಗಿ ನೋಡಿದೆ. ಮಾಸಿದ ಚೀಟಿಯೊಂದರ ಮೇಲೆ ಒಂದು ಸಂಖ್ಯೆ, ಪಕ್ಕದಲ್ಲಿ ಟೈಪು ಮಾಡಿದ ಒಂದೇ ಪದ: ಇಂಡಿಯಾ.

ಈ ಚರಿತ್ರೆ ಗುಟ್ಟಿನದಲ್ಲ, ನಮಗೆ ಗೊತ್ತಿಲ್ಲ ಅಷ್ಟೆ. ಬ್ರಿಟಿಷರ ಕಾಲದಲ್ಲಿ ಶುರುವಾಗಿ, ಸ್ವಾತಂತ್ರ್ಯದ ನಂತರವೂ ದಶಕಗಳ ಕಾಲ, ಪಶ್ಚಿಮದ ವೈದ್ಯಕೀಯ ಕಾಲೇಜುಗಳಿಗೆ ಮನುಷ್ಯರ ಅಸ್ಥಿಪಂಜರ ಕಳಿಸುತ್ತಿದ್ದ ಮುಖ್ಯ ದೇಶ ಭಾರತ. ಮುಖ್ಯ ಊರು ಕಲ್ಕತ್ತ. ಹಕ್ಕುದಾರರಿಲ್ಲದ ಹೆಣಗಳು, ಸುಡಲು ಸೌದೆಗೆ ದುಡ್ಡಿಲ್ಲದೆ ಅರ್ಧಕ್ಕೆ ಬಿಟ್ಟವು, ಗೋರಿಯಿಂದ ತೆಗೆದವು. ಇವನ್ನು ನೆನೆಹಾಕಿ, ಬೇಯಿಸಿ, ಬಿಳುಪು ಮಾಡಿ, ತಂತಿಯಲ್ಲಿ ಪೋಣಿಸಿ, ಪೆಟ್ಟಿಗೆಗೆ ತುಂಬುವ ಕೆಲಸ. ಆ ಕೆಲಸ ಮಾಡುತ್ತಿದ್ದವರೂ ಹೆಣ ಮುಟ್ಟುವ ಜಾತಿಯವರೆಂದು ಊರು ದೂರ ಇಟ್ಟವರೇ; ಲಾಭ ಅವರದ್ದಲ್ಲ. 1985ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಷೇಧಿಸಿತು. ಅಲ್ಲಿಯವರೆಗೆ ಹೋದವು ಹೋದವು. ಇಲ್ಲಿನ ಕಾಲೇಜು, ಶಾಲೆ, ಹಳೆಯ ಕ್ಲಿನಿಕ್ಕುಗಳ ಬೀರುಗಳಲ್ಲಿ ಇನ್ನೂ ನಿಂತಿವೆ. 1982ರ ‘ಪೋಲ್ಟರ್‌ಗೈಸ್ಟ್’ ಎಂಬ ಹೆಸರಾಂತ ದೆವ್ವದ ಸಿನಿಮಾದಲ್ಲಿ ಈಜುಕೊಳದಿಂದ ಏಳುವ ಅಸ್ಥಿಪಂಜರಗಳು ನಿಜವಾದವು ಎಂದು ಆ ಚಿತ್ರದಲ್ಲಿ ಕೆಲಸ ಮಾಡಿದವರೇ ಹೇಳಿದ್ದಾರೆ. ಕೃತಕವಾದದ್ದನ್ನು ಮಾಡಿಸುವುದಕ್ಕಿಂತ ನಿಜವಾದದ್ದು ಅಗ್ಗವಾಗಿತ್ತಂತೆ.

ಆ ಸಂಜೆಯ ಹೊತ್ತಿಗೆ ನಾನು ತೋಳು, ಮುಂಗೈ, ತೊಡೆಮೂಳೆಗಳ ಅಳತೆಯನ್ನು ಬರೆದುಕೊಂಡಾಗಿತ್ತು. ತಲೆಬುರುಡೆಯ ಆಕಾರವನ್ನು ಹಾಳೆಗೆ ಇಳಿಸಿಯೂ ಆಗಿತ್ತು. ನಲವತ್ತು ಮಕ್ಕಳು ಅದನ್ನು ಕತ್ತರಿಸಿ, ಬಣ್ಣ ಹಚ್ಚಿ, ಬಾಗಿಲಿಗೆ ನೇತುಹಾಕಲಿದ್ದರು. ಕೇಳದೆ ತಂದವಳ ಪ್ರತಿಯನ್ನು ಕೇಳದೆ ನಲವತ್ತು ಮನೆಗೆ ಹಂಚುವುದು ಸರಿಯೇ? ಪ್ರಶ್ನೆಯನ್ನು ಹೀಗೆ ಬರೆದರೆ ಅತಿ ಎನಿಸುತ್ತದೆ, ಗೊತ್ತು. ಲ್ಯಾಬಿನ ಗೆಳೆಯನೊಬ್ಬನಿಗೆ ಹೇಳಿದೆ. ತತ್ವಶಾಸ್ತ್ರದ ತರಗತಿಗಳಿಗೂ ಕದ್ದು ಹೋಗಿ ಕೂರುವವನು ಅವನು. ಎಪಿಕ್ಯೂರಸನ ವಾದವನ್ನೇ ತೆಗೆದ: ಸತ್ತವರು ಇಲ್ಲ, ಇಲ್ಲದವರಿಗೆ ನೋವಿಲ್ಲ, ನಷ್ಟವಿಲ್ಲ, ಅವಮಾನವೂ ಇಲ್ಲ. ‘ಅದಿರಲಿ, ನೀನು ತೆಗೆದುಕೊಂಡದ್ದು ಒಂದು ಉದ್ದವನ್ನು. ತೊಡೆಮೂಳೆಯ ಉದ್ದ ಯಾರಪ್ಪನ ಆಸ್ತಿ?’ ಎಂದ. ಸರಿಯಾದ ಪ್ರಶ್ನೆಯೇ. ಆ ಕ್ಷಣಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಆದರೆ ಎಪಿಕ್ಯೂರಸನ ವಾದ ನನ್ನ ಸಾವಿನ ಭಯವನ್ನು ಕಡಿಮೆ ಮಾಡಲು ಒಳ್ಳೆಯದು, ಇನ್ನೊಬ್ಬರ ಹೆಣದ ಜೊತೆ ನಾನು ಹೇಗೆ ನಡೆದುಕೊಳ್ಳಬೇಕೆಂದು ಹೇಳಲು ಸಾಲದು ಎನಿಸುತ್ತದೆ. ಚಾರ್ಲ್ಸ್ ಬರ್ನ್ ಎಂಬವನ ಕಥೆ ನೋಡಿ. ಹ್ಯಾಲೋವೀನ್ ಹುಟ್ಟಿದ ಐರ್ಲೆಂಡಿನವನೇ, ಏಳೂವರೆ ಅಡಿಯ ಎತ್ತರದವನು. ಲಂಡನ್ನಿನಲ್ಲಿ ತನ್ನ ಎತ್ತರವನ್ನೇ ಪ್ರದರ್ಶನಕ್ಕಿಟ್ಟು ಬದುಕಿದ. ಅಂಗರಚನಾಕಾರರು ತನ್ನ ಹೆಣಕ್ಕಾಗಿ ಕಾಯುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ಸತ್ತ ಮೇಲೆ ಸಮುದ್ರಕ್ಕೆ ಹಾಕಿ ಎಂದು ಗೆಳೆಯರಿಗೆ ಹೇಳಿದ್ದ. 1783ರಲ್ಲಿ ಸತ್ತ. ಹೆಣವನ್ನು ಶಸ್ತ್ರವೈದ್ಯ ಜಾನ್ ಹಂಟರ್ ದುಡ್ಡು ಕೊಟ್ಟು ದಕ್ಕಿಸಿಕೊಂಡ. ಎರಡು ಶತಮಾನಗಳಿಗೂ ಹೆಚ್ಚು ಕಾಲ ಬರ್ನ್ ಅಸ್ಥಿಪಂಜರವಾಗಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ನಿಂತ. 2023ರಲ್ಲಷ್ಟೇ ಅವನನ್ನು ಪ್ರದರ್ಶನದಿಂದ ತೆಗೆಯಲಾಗುವುದೆಂಬ ತೀರ್ಮಾನ ಹೊರಬಂತು. ಹೂಳಿಲ್ಲ, ಸಂಶೋಧನೆಗೆಂದು ಒಳಗೆ ಇಟ್ಟುಕೊಂಡಿದ್ದಾರೆ. ಅವನಿಗೆ ನೋವಾಗಿಲ್ಲ ಎಂದು ಗೆಳೆಯ ಹೇಳಬಹುದು. ಆದರೆ ಕೊಟ್ಟ ಮಾತು, ಕೇಳಿಕೊಂಡ ಬೇಡಿಕೆ, ಕೇಳಿಸಿಕೊಂಡವರು ಸಾಯುವವರೆಗೂ ಸಾಯುವುದಿಲ್ಲವಲ್ಲ. ನಾಳೆ ನನ್ನ ಕಣ್ಣು ಮುಚ್ಚಿದ ಮೇಲೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ ಎಂದು ಗೊತ್ತಿದ್ದರೆ ಇವತ್ತಿನ ನನ್ನ ಮಾತೇ ಹಗುರವಾಗುತ್ತದೆ.

ಇದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. 2011ರಲ್ಲಿ ಅದೇ ಬರ್ನ್‌ನ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಒಂದು ಜೀನಿನ ದೋಷ ಸಿಕ್ಕಿತು. ಉತ್ತರ ಐರ್ಲೆಂಡಿನಲ್ಲಿ ಇಂದೂ ಅದೇ ದೋಷ ಹೊತ್ತ ಕುಟುಂಬಗಳಿವೆ. ಮೊದಲೇ ತಿಳಿದರೆ ಅವರಿಗೆ ಚಿಕಿತ್ಸೆ ಕೊಡಬಹುದು. ಸಮುದ್ರಕ್ಕೆ ಹಾಕಿದ್ದರೆ ಇದು ಹೀಗೆ ಸಿಗುತ್ತಿರಲಿಲ್ಲ. ಮೂಳೆಯನ್ನೇ ಅನ್ನವಾಗಿ ಮಾಡಿಕೊಂಡಿರುವ ನಾನು ಇದನ್ನು ಸುಲಭವಾಗಿ ತಳ್ಳಿಹಾಕಲಾರೆ.

ಅದೇ ಊರಿನಲ್ಲಿ ಹೌದೆಂದವನೂ ಇದ್ದಾನೆ. ತತ್ವಜ್ಞಾನಿ ಜೆರೆಮಿ ಬೆಂಥಾಮ್ ತನ್ನ ದೇಹವನ್ನು ಕೊಯ್ದು ಪಾಠ ಮಾಡಿ, ಮೂಳೆಗೆ ನನ್ನ ಬಟ್ಟೆ ತೊಡಿಸಿ ಕುರ್ಚಿಯಲ್ಲಿ ಕೂರಿಸಿ ಎಂದು ಬರೆದಿಟ್ಟು 1832ರಲ್ಲಿ ಸತ್ತ. ಹಾಗೆಯೇ ಮಾಡಿದರು. ಹುಲ್ಲು ತುಂಬಿದ ಅಂಗಿಯೊಳಗೆ ಅವನ ಮೂಳೆ, ಮೇಲೆ ಮೇಣದ ತಲೆ, ಅದರ ಮೇಲೆ ಟೋಪಿ; ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂದೂ ಕೂತಿದ್ದಾನೆ. ಅವನ ಮುಂದೆ ನಿಂತು ನಗಬಹುದು, ಸೆಲ್ಫಿ ತೆಗೆಯಬಹುದು. ಅವನೇ ಕರೆದಿದ್ದಾನೆ. ತಮಾಷೆ ಎಂದರೆ ಅದೇ 1832ರಲ್ಲಿ ಬ್ರಿಟನ್ನಿನಲ್ಲಿ ಬಂದ ಅಂಗರಚನಾ ಕಾಯ್ದೆ, ಬಡವರ ಆಶ್ರಮಗಳಲ್ಲಿ ಸತ್ತು ಯಾರೂ ಕೇಳಿಕೊಂಡು ಬರದ ಹೆಣಗಳನ್ನು ಕೊಯ್ಯಲು ದಾರಿ ಮಾಡಿತು. ಬೆಂಥಾಮನನ್ನು ಕೇಳಲೂ ಬೇಕಾಗಿರಲಿಲ್ಲ, ಅವನೇ ಹೇಳಿದ. ಬಡವರನ್ನು ಕೇಳಲಿಲ್ಲ. ನಮ್ಮ ಬೀರುವಿನವಳು ಈ ಎರಡನೆಯ ಸಾಲಿನವಳು. ಬರ್ನ್‌ಗಿದ್ದಂತೆ ಅವಳಿಗೆ ಬೇಡ ಎನ್ನುವ ಅವಕಾಶವೂ ಇರಲಿಲ್ಲ. ತನ್ನ ಮೂಳೆ ಮಾರಾಟಕ್ಕಿದೆ ಎಂದು ಅವಳಿಗೆ ತಿಳಿದಿದ್ದೀತೆ?

ಹಾಗಾದರೆ ಹ್ಯಾಲೋವೀನಿನ ನಗುವೇ ತಪ್ಪೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಇಲ್ಲ ಅನಿಸಿತು. ಸಾವನ್ನು ನೋಡಿ ನಗುವುದು ಹಳೆಯ ಧೈರ್ಯ. ಮೆಕ್ಸಿಕೋದವರು ನವೆಂಬರಿನ ಮೊದಲೆರಡು ದಿನ ಸತ್ತವರ ಹಬ್ಬ ಮಾಡುತ್ತಾರೆ. ಸಕ್ಕರೆಯ ತಲೆಬುರುಡೆ ಮಾಡಿ ಅದರ ಹಣೆಯ ಮೇಲೆ ಹೆಸರು ಬರೆಯುತ್ತಾರೆ, ಸತ್ತವರದ್ದು, ಕೆಲವೊಮ್ಮೆ ಬದುಕಿರುವ ಗೆಳೆಯರದ್ದೂ. ಕಾಗದದಲ್ಲಿ ಕೆತ್ತಿದ ಅಸ್ಥಿಪಂಜರಗಳು ಕುಣಿಯುತ್ತ, ಸೈಕಲ್ಲು ಹೊಡೆಯುತ್ತ, ಮದುವೆಯಾಗುತ್ತ ತೋರಣದಲ್ಲಿ ತೂಗುತ್ತವೆ. ಅಲ್ಲಿ ನಗು ಇರುವುದು ಎಲ್ಲರಿಗೂ ಬರುವ ಸಾವಿನ ಮೇಲೆ. ಕಾಗದದ ಅಸ್ಥಿಪಂಜರ ಯಾರೂ ಅಲ್ಲ. ಅದಕ್ಕೇ ಅದು ಯಾರು ಬೇಕಾದರೂ ಆಗಬಹುದು, ನಾನೂ ಆಗಬಹುದು, ಅದರ ಮೇಲೆ ಟೋಪಿ ಇಟ್ಟರೆ ಯಾರ ತಲೆಯ ಮೇಲೂ ಇಟ್ಟಂತಾಗುವುದಿಲ್ಲ. ನಮ್ಮ ಬೀರುವಿನವಳ ವಿಷಯ ಬೇರೆ. ಅವಳು ಯಾರೋ ಆಗಿದ್ದಳು. ಅವಳನ್ನು ಯಾರೂ ಅಲ್ಲದವಳನ್ನಾಗಿ ಮಾಡಲು ಕೆಲಸ ನಡೆದಿದೆ: ಬೇಯಿಸಿ, ಬಿಳಿಚಿಸಿ, ಸಂಖ್ಯೆ ಕೊಟ್ಟು, ಕೊನೆಗೆ ‘ಮಿಸ್ಟರ್ ಬೋನ್ಸ್’ ಎಂದು ಕರೆದು. ಕೊನೆಯ ಆ ಪಾಲಿನಲ್ಲಿ ನನ್ನದೂ ಒಂದು ಸೆಲ್ಫಿ ಇದೆ. ಹುಟ್ಟುವಾಗಲೇ ಹೆಸರಿಲ್ಲದ್ದಕ್ಕೂ ಹೆಸರು ಕಿತ್ತುಕೊಂಡದ್ದಕ್ಕೂ ಇರುವ ಅಂತರ ಕಣ್ಣಿಗೆ ಕಾಣುವುದಿಲ್ಲ. ಎರಡೂ ಬೆಳ್ಳಗೆ ಹಲ್ಲು ಕಿರಿದು ನಿಂತಿರುತ್ತವೆ.

ಹೀಗೆ ಯೋಚಿಸಿ ಹಳೆಯ ಹಾಳೆಗಳನ್ನು ಪಕ್ಕಕ್ಕಿಟ್ಟೆ. ನನ್ನದೇ ಅಳತೆ ತೆಗೆಯುವುದೆಂದು ನಿರ್ಧರಿಸಿದೆ. ನನ್ನ ಒಪ್ಪಿಗೆಯನ್ನು ನಾನು ಕೊಡಬಲ್ಲೆನಲ್ಲ. ಟೈಲರ್ ಟೇಪು ಹಿಡಿದು ಕನ್ನಡಿಯ ಮುಂದೆ ನಿಂತರೆ ಮೈಯೆಲ್ಲ ಪಾಠವೇ. ಸೊಂಟದ ಪಕ್ಕ, ಕಾಲು ತಿರುಗಿಸಿದರೆ ಬೆರಳ ಕೆಳಗೆ ಹೊರಳುವ ಗಂಟು ತೊಡೆಮೂಳೆಯ ಮೇಲ್ಭಾಗ. ಅಲ್ಲಿಂದ ಮಂಡಿಯ ಹೊರಬದಿಯವರೆಗೆ ಒಂದು ಅಳತೆ. ಮೊಣಕೈ ಮೊನೆಯಿಂದ ಮಣಿಕಟ್ಟಿನ ಕಿರುಬೆರಳ ಕಡೆಯ ಉಬ್ಬಿನವರೆಗೆ ಇನ್ನೊಂದು. ಕೊರಳೆಲುಬು ಮುಟ್ಟಿದರೇ ಸಿಗುತ್ತದೆ. ಕೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಬೆರಳ ಗಂಟುಗಳನ್ನು ಗುರುತಿಸಿ ಇಪ್ಪತ್ತೇಳು ಮೂಳೆಗಳನ್ನೂ ತುಂಬಿದೆ. ಎಲ್ಲವನ್ನೂ ನಾಲ್ಕನೆಯ ಒಂದಕ್ಕೆ ಇಳಿಸಿದಾಗ ಒಂದೂಕಾಲು ಅಡಿಯ ‘ನಾನು’ ಮೇಜಿನ ಮೇಲೆ ಮಲಗಿದ್ದೆ. ಮೊದಲು ಇಳಿಸಿದ್ದ ಹಾಳೆಯನ್ನು ಅದರ ಮೇಲಿಟ್ಟು ದೀಪಕ್ಕೆ ಹಿಡಿದೆ. ತೊಡೆಮೂಳೆಯಲ್ಲಿ ಎರಡೋ ಮೂರೋ ಮಿಲಿಮೀಟರ್ ವ್ಯತ್ಯಾಸ. ಮುಂಗೈ ಒಂದರ ಮೇಲೊಂದು ಕೂತವು.

ಗೆಳೆಯ ಇದನ್ನೂ ಬಿಡಲಿಲ್ಲ. ‘ಕೈಯಲ್ಲಿ ಇಪ್ಪತ್ತೇಳು ಮೂಳೆ ಅಂತ ನಿನಗೆ ಹೇಳಿದ್ದು ಯಾರು?’ ಎಂದ. ನಾನು ಸುಮ್ಮನಾದೆ. ಯಾಕೆಂದರೆ ಅದು ನಿಜ. ಮೂಳೆಯ ಕುರಿತು ನಾನು ತಿಳಿದದ್ದರಲ್ಲಿ ಬಹುಪಾಲು, ಕೇಳದೆ ತಂದವರಿಂದಲೇ ಬಂದದ್ದು. ಆಧುನಿಕ ಅಂಗರಚನಾಶಾಸ್ತ್ರದ ಮೂಲಪುರುಷ ಎನ್ನಿಸಿಕೊಂಡ ವೆಸಾಲಿಯಸ್, 1536ರಲ್ಲಿ ವಿದ್ಯಾರ್ಥಿಯಾಗಿದ್ದಾಗ, ಲೂವೇನ್ ಊರಾಚೆಯ ಗಲ್ಲುಗಂಬದಲ್ಲಿ ನೇತಾಡುತ್ತಿದ್ದ ಹೆಣವನ್ನು ಕದ್ದು ಮನೆಗೆ ತಂದವನು. 1543ರಲ್ಲಿ ಅವನ ದೊಡ್ಡ ಪುಸ್ತಕ ಬಾಸೆಲ್‌ನಲ್ಲಿ ಅಚ್ಚಾಯಿತು. ಅದರ ಜೊತೆಯಲ್ಲೇ ವಿದ್ಯಾರ್ಥಿಗಳಿಗೆಂದು ಒಂದು ಸಂಕ್ಷಿಪ್ತ ಪುಸ್ತಕವೂ ಬಂತು. ಅದರ ಹಾಳೆಗಳಲ್ಲಿ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಅಚ್ಚು ಹಾಕಿ, ಕತ್ತರಿಸಿ ಒಂದರ ಮೇಲೊಂದು ಅಂಟಿಸಿ ಮನುಷ್ಯನ ಆಕೃತಿ ಮಾಡಿಕೊಳ್ಳಿ ಎಂದು ಸೂಚನೆ ಕೊಟ್ಟಿದ್ದಾನೆ! ನಾನು ಗ್ರಂಥಾಲಯದಲ್ಲಿ ಮಾಡಹೊರಟಿದ್ದ ಕಾಗದದ ಕೆಲಸಕ್ಕೆ ಸುಮಾರು ಐದು ಶತಮಾನದ ವಂಶಾವಳಿ ಇದೆ ಎಂದು ತಿಳಿದು ಹಿಗ್ಗಿದೆ. ಆ ವಂಶಾವಳಿಯ ಬುಡದಲ್ಲೇ ಗಲ್ಲುಗಂಬ ನಿಂತಿದೆ ಎಂದು ತಿಳಿದು ಹಿಗ್ಗು ಇಳಿಯಿತು. ಅದೇ ವರ್ಷ ಬಾಸೆಲ್‌ನಲ್ಲಿ ಅವನು ಒಬ್ಬ ಅಪರಾಧಿಯ ಹೆಣದಿಂದ ಜೋಡಿಸಿದ ಅಸ್ಥಿಪಂಜರ ಇಂದಿಗೂ ಅಲ್ಲಿನ ಸಂಗ್ರಹಾಲಯದಲ್ಲಿದೆ. ಆ ಅಪರಾಧಿಯ ಹೆಸರಾದರೂ ದಾಖಲಾಗಿ ಉಳಿದಿದೆ: ಯಾಕೋಬ್ ಕಾರರ್.

ಆದ್ದರಿಂದ ನನ್ನ ಟೇಪಿನ ಅಳತೆಯಿಂದ ನಾನು ಶುದ್ಧಳಾದೆ ಎಂದು ಹೇಳಿಕೊಳ್ಳಲಾರೆ. ಕಲಿತದ್ದನ್ನು ಮರೆಯಲಾಗದು, ಮರೆಯಬೇಕಾಗಿಯೂ ಇಲ್ಲ. ಆದರೆ ಕಳ್ಳತನದಲ್ಲಿ ಬಂದ ಜ್ಞಾನವನ್ನು ಬಳಸುವುದಕ್ಕೂ ಕಳ್ಳತನವಾದ ವ್ಯಕ್ತಿಯ ತಲೆಯ ಮೇಲೆ ಟೋಪಿ ಇಡುವುದಕ್ಕೂ ವ್ಯತ್ಯಾಸ ಇಲ್ಲವೆಂದು ಯಾರಾದರೂ ವಾದಿಸಿದರೆ ಒಪ್ಪುವುದಿಲ್ಲ. ಮೊದಲನೆಯದು ಋಣ. ಎರಡನೆಯದು ಋಣವೇ ಇಲ್ಲವೆಂಬ ನಟನೆ.

ಅಕ್ಟೋಬರ್ 26, ಶನಿವಾರ. ನಲವತ್ತು ಎಂದುಕೊಂಡಿದ್ದೆ, ಅರವತ್ತರ ಹತ್ತಿರ ಮಕ್ಕಳು ಬಂದರು. ಪಿನ್ನು ಸಾಲದೆ ಕೊನೆಯವರಿಗೆ ದಾರ ಕಟ್ಟಿಸಿದೆ. ಡೈನೋಸಾರ್ ವೇಷದ ಹುಡುಗನೊಬ್ಬ ಪಕ್ಕೆಲುಬನ್ನು ಕತ್ತರಿಸುವುದು ಬೇಸರವೆಂದು ಹಾಳೆಯನ್ನೇ ಎದೆಗೆ ಅಂಟಿಸಿಕೊಂಡು ಹೋದ. ಮುಂಗೈ ಮೂಳೆ ಅಡ್ಡ ದಾಟುವುದನ್ನು ಕಂಡು ಅಪ್ಪ ಅಮ್ಮಂದಿರೇ ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಏಳೆಂಟು ವರ್ಷದ ಹುಡುಗಿಯೊಬ್ಬಳು ತನ್ನದಕ್ಕೆ ನೇರಳೆ ಬಣ್ಣ ಹಚ್ಚಿ ಮುಗಿಸಿ ನನ್ನ ಹತ್ತಿರ ಬಂದು, ‘ಇದು ಯಾರದು?’ ಎಂದಳು. ನಿನ್ನದೇ, ನೀನೇ ಮಾಡಿದ್ದು ಎಂದೆ. ‘ಅದಲ್ಲ, ಒಳಗಿರೋದು ಯಾರು?’ ಎಂದಳು. ನಾನು ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಗದದ ಕೈಯನ್ನು ನನ್ನ ಕೈಯ ಪಕ್ಕ ಹಿಡಿದು, ಚಿಕ್ಕದಾಯಿತು ಎಂದು ತೀರ್ಪು ಕೊಟ್ಟು ಹೋದಳು.

ಆ ವರ್ಷ ಹ್ಯಾಲೋವೀನಿನ ದಿನವೇ ನರಕ ಚತುರ್ದಶಿ. ಅಮ್ಮನ ಫೋನು ಬಂದಾಗ ಇಲ್ಲಿ ಬೀದಿಯಲ್ಲಿ ಮಕ್ಕಳು ಮಿಠಾಯಿಗೆ ಮನೆ ಮನೆ ತಿರುಗುತ್ತಿದ್ದರು. ಎಣ್ಣೆ ನೀರು ಆಯಿತಾ ಎಂದು ಕೇಳಿದಳು. ನಾನು ಬೀರುವಿನ ಕಥೆ ಹೇಳಿದೆ, ಹಳೆಯ ಸೆಲ್ಫಿಯನ್ನೂ ನೆನಪಿಸಿದೆ. ಬೈಯುತ್ತಾಳೆಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ, ಯಾರ ಮನೆ ಮಗಳೋ. ಎಡೆ ಇಕ್ಕೋರಿಲ್ಲ’ ಎಂದಳು. ಹೆಸರೇ ಗೊತ್ತಿಲ್ಲವಲ್ಲ, ಯಾರೆಂದು ಎಡೆ ಇಡುವುದು ಎಂದೆ. ‘ಹಿರೇರ ಹಬ್ಬದಲ್ಲಿ ನಾವೇನು ಎಲ್ಲರ ಹೆಸರೂ ಗೊತ್ತಿದ್ದು ಇಕ್ತೀವಾ? ನಿಮ್ಮಜ್ಜಿಯ ಅಜ್ಜಿ ಹೆಸರು ಹೇಳು ನೋಡಾಣ’ ಎಂದಳು. ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿಲ್ಲ.

ವಿಭಾಗಕ್ಕೆ ನಾನೊಂದು ಪತ್ರ ಬರೆದಿದ್ದೆ. ಇದು ನಿಜವಾದ ಮನುಷ್ಯರ ಅಸ್ಥಿಪಂಜರ, ಭಾರತದಿಂದ ಬಂದದ್ದು, ಹೆಣ್ಣಿನದು, ದಯವಿಟ್ಟು ಟೋಪಿ ಮತ್ತು ಅಡ್ಡಹೆಸರು ಬೇಡ, ಮುಂದೇನು ಮಾಡಬೇಕೆಂದು ಯೋಚಿಸೋಣ ಎಂದು. ಮರುದಿನವೇ ಟೋಪಿ ಹೋಯಿತು. ಒಂದು ವಾರದ ನಂತರ ಉತ್ತರ ಬಂತು, ಸೌಜನ್ಯದಿಂದ ತುಂಬಿದ ಉತ್ತರ. ಇಲ್ಲಿನ ಮೂಲನಿವಾಸಿಗಳ ಮೂಳೆಗಳನ್ನು ಅವರ ಸಮುದಾಯಗಳಿಗೆ ಹಿಂದಿರುಗಿಸಲು 1990ರ ಕಾನೂನಿದೆ. ಭಾರತದ ಮೂಳೆಗೆ ಅಂಥ ದಾರಿ ಇಲ್ಲ. ಆದ್ದರಿಂದ ಇದನ್ನು ಏನು ಮಾಡಬೇಕೆಂದು ನೀವೇ ಸಲಹೆ ಕೊಡಿ ಎಂದು ಕೇಳಿದ್ದರು.

ನಾನೇನು ಸಲಹೆ ಕೊಡಲಿ? ಸುಡಬೇಕೋ ಹೂಳಬೇಕೋ ಗೊತ್ತಿಲ್ಲ. ಕಲ್ಕತ್ತದ ಆ ವ್ಯಾಪಾರ ಘಾಟಿನಿಂದಲೂ ತಂದಿತು, ಗೋರಿಯಿಂದಲೂ ತಂದಿತು. ಎಲೆ ಅಡಿಕೆಯ ಕರೆ ಯಾವ ದೇವರ ಹೆಸರನ್ನೂ ಹೇಳುವುದಿಲ್ಲ. ಪಾಠಕ್ಕೆ ಇಲ್ಲಿಯೇ ಇರಲಿ, ಗೌರವದಿಂದ ಇರಲಿ ಎನ್ನಲೇ? ಅದನ್ನು ಹೇಳಲು ನಾನು ಯಾರು? ಒಂದೇ ದೇಶದವಳು, ಒಂದೇ ಅಳತೆಯವಳು, ಅಷ್ಟೇ ತಾನೆ.

ಉತ್ತರ ಬರೆಯಲು ಎರಡು ಮೂರು ಸಲ ಕೂತಿದ್ದೇನೆ. ಅವರ ಪತ್ರದಲ್ಲಿ ಎಲ್ಲ ಕಡೆ ‘ಅದು’ ಎಂದಿತ್ತು. ನಾನು ಇಂಗ್ಲಿಷಿನಲ್ಲಿ ಅವಳು ಎಂದೇ ಬರೆಯಬೇಕೆಂದುಕೊಂಡೆ. ಕನ್ನಡದಲ್ಲಿ ಯೋಚಿಸಿದರೆ ಅದೂ ಸುಲಭವಿಲ್ಲ. ಸಾಯುವಾಗ ಅವಳಿಗೆ ನನ್ನ ವಯಸ್ಸು. ಆದರೆ 1985ಕ್ಕೂ ಮೊದಲು ಸತ್ತವಳು, ಅಂದರೆ ನಾನು ಹುಟ್ಟುವ ಮೊದಲೇ, ಅಮ್ಮನಿಗೂ ಹಿರಿಯಳಿರಬಹುದು. ಅವಳು ಎನ್ನಬೇಕೋ ಅವರು ಎನ್ನಬೇಕೋ ತಿಳಿಯದೆ ಪತ್ರದ ಮೊದಲ ಸಾಲು ಇನ್ನೂ ಖಾಲಿ ಇದೆ.